ಮೈಕ್ ಕೊಡದ ಮೈಕಕ್ಕ

ಗಂಡ ತೀರಿಕೊಂಡ ಮೇಲೆ ಮೈಕ್ ಬಾಡಿಗೆಯ ಅಂಗಡಿಯನ್ನು ಹೆಂಡತಿಯೇ ನಡೆಸತೊಡಗಿದಾಗ ಊರಿನವರು ಮೂಗಿನ ಮೇಲೆ ಬೆರಳಿಟ್ಟರು. ಎರಡೇ ವರ್ಷದಲ್ಲಿ ಅದೇ ಊರು ಆಕೆಯನ್ನು ಮೈಕಕ್ಕ ಎನ್ನತೊಡಗಿತು. ಏಣಿ ಹತ್ತಿ ಕಂಬಕ್ಕೆ ಹಾರ್ನ್ ಕಟ್ಟುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ದೇವಸ್ಥಾನ, ಮಸೀದಿ, ಚರ್ಚು ಮೂರಕ್ಕೂ ಆಕೆಯದೇ ಆಂಪ್ಲಿಫೈಯರ್. "ಮೂರೂ ಕಡೆ ನಾನು ಕೇಳೋದು ಒಂದೇ, ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ ಅಂತ," ಎಂದು ನಗುತ್ತಿದ್ದಳು.

ಆ ವರ್ಷ ಗಡಿಯಲ್ಲಿ ಯುದ್ಧ ಶುರುವಾಯಿತು. ಹಿಂದೆಂದೋ ಗಡಿಯಾಚೆಯಿಂದ ಬಂದು ಹಿಂಬೀದಿಯಲ್ಲಿ ನೆಲೆಸಿದವರ ಬಗ್ಗೆ ಗುಸುಗುಸು ಹಬ್ಬಿತು. ಒಂದು ಬೆಳಿಗ್ಗೆ ಮರದ ಡಿಪೋ ಮಾಲೀಕ ಅಂಗಡಿಗೆ ಬಂದ.

"ಅಕ್ಕಾ, ಭಾನುವಾರ ಮೆರವಣಿಗೆ. ನಾಲ್ಕು ಹಾರ್ನು ಬೇಕು."

"ಏನು ಮಾತಾಡ್ತೀರಿ ಅದರಲ್ಲಿ?"

"ಹಿಂಬೀದಿಯವರನ್ನ ಊರು ಬಿಡಿಸ್ಬೇಕು ಅಂತ."

"ಹಾಗಾದ್ರೆ ನನ್ನ ಹಾರ್ನು ಸಿಗಲ್ಲಣ್ಣ. ಆ ಬೀದಿ ಮಕ್ಕಳ ಕಿವಿಗೂ ಅದು ಬೀಳುತ್ತಲ್ವಾ?"

ಅವನು ಹಲ್ಲು ಕಡಿಯುತ್ತ ಹೋದ. ಮರುದಿನ ಅಂಗಡಿ ಬಾಗಿಲು ಮುರಿದಿತ್ತು, ಆಂಪ್ಲಿಫೈಯರುಗಳೆಲ್ಲ ಜಜ್ಜಿಹೋಗಿದ್ದವು. ಗಂಡ ಕೈಯಾರೆ ಜೋಡಿಸಿದ್ದ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಆಕೆ ಕುಸಿದು ಕೂತಳು.

ಸುದ್ದಿ ತಿಳಿದು ಮೌಲ್ವಿಗಳು ಬಂದರು, ಹಿಂದೆಯೇ ಅರ್ಚಕರು, ಆಮೇಲೆ ಪಾದ್ರಿಗಳು. ಮೂವರೂ ಒಂದೇ ಸೂರಿನಡಿ ಸೇರಿದ್ದು ಅದೇ ಮೊದಲು. ನೆಲದ ಮೇಲಿನ ಚೂರು ಆರಿಸತೊಡಗಿದರು. ಕೊನೆಗೆ ಅರ್ಚಕರು, "ತಪ್ಪು ನಮ್ಮದೂ ಇದೆಯಮ್ಮ. ಗುಸುಗುಸು ನಮ್ಮ ಕಿವಿಗೂ ಬಿದ್ದಿತ್ತು, ಬಾಯಿ ಬಿಡಲಿಲ್ಲ," ಎಂದರು.

"ಈಗ ಬಾಯಿ ಬಿಡಿ," ಎಂದಳು ಮೈಕಕ್ಕ. "ಭಾನುವಾರ ಆ ಬೀದಿಗೆ ಅಡ್ಡ ನಿಲ್ಲೋಣ. ನಿಮ್ಮ ನಿಮ್ಮ ಜನಾನ ಕರ್ಕೊಂಡು ಬನ್ನಿ."

"ಮೈಕೇ ಇಲ್ವಲ್ಲಮ್ಮ?" ಎಂದರು ಪಾದ್ರಿಗಳು.

"ದೇವರು ಗಂಟಲು ಕೊಟ್ಟಿಲ್ವಾ ಫಾದರ್?"

ನೂರು ಜನರಾದರೂ ಬಂದಾರೆಂದುಕೊಂಡಿದ್ದಳು. ಬಂದದ್ದು ಮೂವತ್ತು ಮಂದಿ. ಅಷ್ಟೇ ಜನ ತೋಳಿಗೆ ತೋಳು ಸೇರಿಸಿ ನಿಂತರು. ಮೆರವಣಿಗೆ ಹತ್ತಿರವಾಯಿತು. ಅದರ ಮುಂದಿನ ಸಾಲಿನಲ್ಲಿದ್ದ ಬೇಕರಿಯವನನ್ನು ಕಂಡು, ಮೈಕಕ್ಕ ಇದ್ದಬದ್ದ ಉಸಿರೆಲ್ಲ ಒಟ್ಟು ಮಾಡಿ ಕೂಗಿದಳು.

"ತಮ್ಮಾ, ನಿನ್ನ ಬೇಕರಿಗೆ ಬೆಂಕಿ ಬಿದ್ದಾಗ ನೀರು ಹೊತ್ತವರು ಯಾರೋ? ಈ ಬೀದಿಯವರೇ ಅಲ್ವೇನೋ?"

ಬೇಕರಿಯವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಅವನ ಹಿಂದೆ ಇನ್ನಿಬ್ಬರು, ಆಮೇಲೆ ಹತ್ತಾರು ಜನ. ಡಿಪೋ ಮಾಲೀಕ ಬಾಯಿಗೆ ಬಂದಂತೆ ಬೈದ. ಉಳಿದವರು ಬೇರೆ ದಾರಿ ಹಿಡಿದು ಚದುರಿದರು.

ಯುದ್ಧ ಮತ್ತೂ ಎರಡು ವರ್ಷ ನಡೆಯಿತು. ಹಿಂಬೀದಿಯಲ್ಲಿ ಒಂದು ಮನೆಯೂ ಖಾಲಿಯಾಗಲಿಲ್ಲ. ಅಂಗಡಿಗೆ ಮೂರೂ ಕಡೆಯವರು ಸೇರಿ ಹೊಸ ಬಾಗಿಲು ಮಾಡಿಸಿಕೊಟ್ಟರು. ಆ ಭಾನುವಾರ ಕೂಗಿದ್ದಕ್ಕೆ ಮೈಕಕ್ಕನ ಗಂಟಲು ಮಾತ್ರ ವಾರವಿಡೀ ಕಟ್ಟಿತ್ತು. ಹಿಂಬೀದಿಯ ಅಜ್ಜಿಯೊಬ್ಬಳು ದಿನಾ ಬಿಸಿನೀರು ತಂದು ಕುಡಿಸಿ, "ಬಾಯಿ ಮುಚ್ಕೊಂಡು ಮಲಗು ಸ್ವಲ್ಪ," ಎಂದು ಗದರಿ ಹೋಗುತ್ತಿದ್ದಳು.