ಎಲಿಯೊದೋರಾ ಹೊಗಳಿದ ವರ್ಷ

ಅಕ್ಟೋಬರ್ ಮೂವತ್ತೊಂದರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲಿಯೊದೋರಾ ಬುಸ್ತಮಾಂತೆ ಒಬ್ಬ ಹೆಂಗಸಿನ ತಲೆಗೆ ಬಣ್ಣ ಹಚ್ಚುತ್ತ, ಅದೇ ಹೆಂಗಸಿನ ಸಾವಿಗೆ ಪ್ರಾಸ ಹುಡುಕುತ್ತಿದ್ದಳು. ಆ ಹೆಂಗಸಿಗೆ ಇದು ಗೊತ್ತಿತ್ತು. ಹತ್ತು ಡಾಲರ್ ಕೊಟ್ಟು ಅವಳೇ ಬರೆಸುತ್ತಿದ್ದಳು.

ಎಲ್ ಪಾಸೊದ ನಮ್ಮ ದಕ್ಷಿಣದ ಬೀದಿಗಳಲ್ಲಿ ಸತ್ತವರ ಹಬ್ಬ ಬಂತೆಂದರೆ ಬದುಕಿರುವವರಿಗೆ ಉಳಿಗಾಲವಿಲ್ಲ. ಸತ್ತವರಿಗೆ ಚೆಂಡುಹೂವು, ದೀಪ, ಒಂದು ಲೋಟ ನೀರು, ಇಷ್ಟದ ಊಟ, ಫೋಟೊಗೆ ಹೊಸ ಚೌಕಟ್ಟು. ಬದುಕಿರುವವರಿಗೆ ಕಲವೇರಾ, ಅಂದರೆ ಸಾವು ಬಂದು ಅವರನ್ನು ಎಳೆದುಕೊಂಡು ಹೋಗುವ ನಾಲ್ಕಾರು ಸಾಲಿನ ಗೇಲಿಪದ್ಯ. ಸಾವನ್ನು ನಾವು ಸಣಕಲಿ ಎಂದು ಕರೆಯುತ್ತೇವೆ. ಮೈಮೇಲೆ ಒಂದು ಔನ್ಸ್ ಮಾಂಸವಿಲ್ಲದ ಆ ಹೆಂಗಸು ಪದ್ಯದೊಳಗೆ ಬರುತ್ತಾಳೆ, ಮನುಷ್ಯನ ಅತಿ ದೊಡ್ಡ ದೋಷವನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತಾಳೆ, ಕರೆದೊಯ್ಯುತ್ತಾಳೆ. ಬೈಸಿಕೊಂಡವರು ನಗಬೇಕು. ನಿಯಮ ಒಂದೇ: ಕಲವೇರಾ ಬದುಕಿರುವವರಿಗೆ ಮಾತ್ರ. ಸತ್ತ ಮೇಲೆ ಯಾರೂ ನಿಮ್ಮನ್ನು ಬೈಯುವುದಿಲ್ಲ. ಸಾವಿನಿಂದಾಗುವ ಅನುಕೂಲ ಅದೊಂದೇ.

ಎಲಿಯೊದೋರಾ ಮದುವೆಯಾದ ವರ್ಷ ಗಡಿಯಾಚೆಯ ಪರಾಲ್ ಊರಿನಿಂದ ಸೇತುವೆ ದಾಟಿ ಬಂದವಳು. ಟೈರ್ ಅಂಗಡಿಯ ಗಂಡ ಅಬುಂದಿಯೊ ಬೇಗ ತೀರಿಹೋದ. ಬದುಕಿದ್ದಾಗ ಅವನಿಗೆ ಸಿಗದ ಮರ್ಯಾದೆಯೆಲ್ಲ ಈಗ ಅವನ ಫೋಟೊಗೆ ಪ್ರತಿ ನವೆಂಬರಿನಲ್ಲಿ ಸಿಗುತ್ತದೆ. ಅವನು ಹೋದ ಮೇಲೆ ಅವಳು ಮನೆಯ ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ ಹಾಕಿ ಕೇಶಾಲಂಕಾರದ ಅಂಗಡಿ ತೆರೆದಳು. ಆಗೆಲ್ಲ ಕಲವೇರಾಗಳನ್ನು ಕನ್ನಡಿಯ ಮೇಲೆ ಲಿಪ್‌ಸ್ಟಿಕ್ಕಿನಲ್ಲಿ ಬರೆಯುತ್ತಿದ್ದಳು. ಯಾರ ಮೇಲೆ ಬರೆದಿದ್ದಳೋ ಅವರೇ ತಲೆ ಒದ್ದೆ ಮಾಡಿಕೊಂಡು ಅದರ ಎದುರಿಗೆ ಮುಕ್ಕಾಲು ಗಂಟೆ ಕೂರಬೇಕಾಗುತ್ತಿತ್ತು. ಹಳೆಯ ಲಾಂಡ್ರಿ ಕಟ್ಟಡ ಕಲಾ ಕೇಂದ್ರವಾದಾಗ, ಅದರ ಚಾವಣಿ ರಿಪೇರಿಗೆ ಹಣ ಕೂಡಿಸಲು, ದುಡ್ಡು ಕೊಟ್ಟವರ ಮೇಲೆ ಕಲವೇರಾ ಓದುವ ವರ್ಷಕ್ಕೊಂದು ಸಂಜೆಯ ಕಾರ್ಯಕ್ರಮ ಶುರುವಾಯಿತು; ಅವಳ ಬಾಯಿಗೂ ಮೈಕು ಬಂತು. ಹನ್ನೊಂದು ವರ್ಷದಿಂದ ಆ ಒಂದೇ ಚಾವಣಿ ರಿಪೇರಿಯಾಗುತ್ತಿದೆ. ವರ್ಷಕ್ಕೆ ಒಂಬತ್ತು ಇಂಚು ಮಳೆ ಬೀಳುವ ಊರಿನಲ್ಲಿ ಒಂಬತ್ತೂ ಇಂಚು ನೇರವಾಗಿ ಮಕ್ಕಳು ನೃತ್ಯ ಕಲಿಯುವ ಕೋಣೆಗೇ ಬೀಳುತ್ತವೆ.

ಊರಿನವರ ದೋಷಗಳನ್ನೆಲ್ಲ ಬಲ್ಲ ಎಲಿಯೊದೋರಾಳ ಬಗ್ಗೆ ಊರಿಗೆ ಒಂದು ಸಣ್ಣ ಸಂಗತಿ ಮಾತ್ರ ಗೊತ್ತಿರಲಿಲ್ಲ: ಅವಳ ವಯಸ್ಸು. ಕೇಳಿದವರಿಗೆ ಐವತ್ತೆಂಟು ಎನ್ನುತ್ತಿದ್ದಳು. ನಮ್ಮ ಮಕ್ಕಳು ಹುಟ್ಟಿದಾಗಲೂ ಐವತ್ತೆಂಟು, ಅವರು ಹೈಸ್ಕೂಲಿಗೆ ಹೋಗುವಾಗಲೂ ಐವತ್ತೆಂಟು. ಮೂಲೆಯ ಬೇಕರಿಯ ಮಾಸೆದೋನಿಯೊ ಅರ್ಮೆಂದಾರಿಸ್ ಮಾತ್ರ ಪಟ್ಟು ಬಿಡದೆ ಪ್ರತಿ ಹುಟ್ಟುಹಬ್ಬಕ್ಕೂ ಅವಳಿಗೊಂದು ಕೇಕು ಕಳಿಸುತ್ತಿದ್ದ. ಸಂಖ್ಯೆ ಇರಬೇಕಾದ ಜಾಗದಲ್ಲಿ ಸಕ್ಕರೆಯ ಪ್ರಶ್ನಾರ್ಥಕ ಚಿಹ್ನೆ. ಅವಳು ಮೊದಲು ಆ ಚಿಹ್ನೆಯನ್ನು ಕತ್ತರಿಸಿ ತಿಂದು, ಉಳಿದದ್ದನ್ನು ಗಿರಾಕಿಗಳಿಗೆ ಹಂಚುತ್ತಿದ್ದಳು.

ಆ ಬೆಳಿಗ್ಗೆ ಕುರ್ಚಿಯಲ್ಲಿದ್ದವಳು ಕಲಾ ಕೇಂದ್ರದ ನಿರ್ದೇಶಕಿ ಯೆಸೆನಿಯಾ ಕಿಂತಾನಾ. ಒಳ್ಳೆಯವಳು. ಸಭೆ ಸೇರಿಸದೆ ಸೀನುವವಳೂ ಅಲ್ಲ. ಹಿರಿಯ ಹೆಂಗಸರನ್ನು ಗೌರವದಿಂದ ದೋನ್ಯಾ ಎನ್ನುವುದು ನಮ್ಮ ಬೀದಿಯ ರೂಢಿ.

"ದೋನ್ಯಾ, ಒಂದು ವಿಷಯ. ಮಾಸೆದೋನಿಯೊ ಅವರ ಪದ್ಯ ಈ ಸಲ ಬೇಡ ಅಂತ ಸಮಿತಿಯವರು ಅಂದ್ಕೊಂಡಿದಾರೆ."

"ಯಾಕೆ, ಅವನು ಹತ್ತು ಡಾಲರ್ ಕೊಟ್ಟಿಲ್ವಾ?"

"ಎಲ್ಲರಿಗಿಂತ ಮೊದಲೇ ಕೊಟ್ಟಿದಾರೆ. ಆದ್ರೆ ಅವರ ಪರಿಸ್ಥಿತಿ ನಿಮಗೆ ಗೊತ್ತಲ್ಲ. ಹೋಗೋ ಹೊತ್ತಲ್ಲಿರೋರ ಮೇಲೆ ಸಾವಿನ ತಮಾಷೆ ಮಾಡಿದ್ರೆ ಪ್ರಾಯೋಜಕರಿಗೆ ಬೇಜಾರಾಗುತ್ತೆ."

"ಈ ವರ್ಷದ ಪ್ರಾಯೋಜಕರು ಯಾರು?"

"ಅಂತ್ಯಸಂಸ್ಕಾರದ ಕಂಪನಿಯವರು."

"ಅಯ್ಯೋ ಪಾಪ. ಸಾವಿನ ಮಾತು ಕಿವಿಗೆ ಬಿದ್ದೇ ಇಲ್ವೇನೋ ಅವರಿಗೆ."

"ತಮಾಷೆ ಅಲ್ಲ ದೋನ್ಯಾ. ಬೇಕಿದ್ರೆ ಓದಿ, ಆದ್ರೆ ಮೆತ್ತಗೆ ಬರೀರಿ. ಗೌರವದಿಂದ."

"ತಲೆ ಅಲ್ಲಾಡಿಸ್ಬೇಡ. ಕಿವಿಗೂ ಬಣ್ಣ ಹತ್ತುತ್ತೆ," ಎಂದಳು ಎಲಿಯೊದೋರಾ. ಆದರೆ ಆಗುವುದಿಲ್ಲ ಎನ್ನಲಿಲ್ಲ. ಸಮಿತಿಯ ಮಾತಿಗೆ ಅವಳು ತಲೆಬಾಗಿದ್ದು ಅದೇ ಮೊದಲು. ಕಾರಣ ಬೇರೆಯಿತ್ತು. ಎರಡು ವಾರದಿಂದ ಮಾಸೆದೋನಿಯೊನನ್ನು ಬೈಯಲು ಕೂತಾಗಲೆಲ್ಲ ಪದ್ಯ ಅವಳ ಮಾತು ಕೇಳದೆ ಸಿಹಿಯಾಗುತ್ತಿತ್ತು.

ಮಾಸೆದೋನಿಯೊನ ಹೃದಯ ಸೋತಿತ್ತು. ಇನ್ನು ಮಾಡುವುದೇನೂ ಇಲ್ಲವೆಂದು ಆಸ್ಪತ್ರೆಯವರು ಮೂರು ವಾರದ ಹಿಂದೆ ಮನೆಗೆ ಕಳಿಸಿದ್ದರು. ಮಾಡಲು ಬೇಕಾದಷ್ಟಿದೆ ಎಂದು ನಮ್ಮ ಬೀದಿ ತೀರ್ಮಾನಿಸಿತು. ಮೂವತ್ತು ವರ್ಷ ಅವನ ಬನ್ನನ್ನು ಇಟ್ಟಿಗೆಗೆ ಹೋಲಿಸಿದವರು ಈಗ ಹತ್ತಿಗೆ ಹೋಲಿಸಿದರು. ಅವನ ಜೊತೆ ವಾದ ಮಾಡುವುದನ್ನು ಎಲ್ಲರೂ ನಿಲ್ಲಿಸಿದರು. ಅವನ ಎಡಗಿವಿ ಹಿಟ್ಟು ಕಲೆಸುವ ಯಂತ್ರದ ಸದ್ದಿಗೆ ಎಂದೋ ಮಂದವಾಗಿತ್ತು. ಆದರೂ ಎಲ್ಲರೂ ಪಿಸುದನಿಯಲ್ಲೇ ಮಾತಾಡಿದರು. ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತು ತಮ್ಮ ಗುಟ್ಟುಗಳನ್ನು ಅವನ ಬಳಿ ಇಳಿಸಿ ಹೋದರು, ಹೇಗೂ ಹೊರಟವನ ಗಾಡಿಯಲ್ಲಿ ತಮ್ಮದೊಂದು ಗಂಟು ಹೇರಿದಂತೆ.

ಅದೇ ದಿನ ಮಧ್ಯಾಹ್ನ ಎಲಿಯೊದೋರಾ ಬೇಕರಿಗೆ ಹೋದಳು. ಒಳಗೆ ಸತ್ತವರಿಗಿಡುವ ಬನ್ನುಗಳು ಬೇಯುತ್ತಿದ್ದವು. ಮೇಲೆ ಹಿಟ್ಟಿನ ಎಲುಬು ಅಡ್ಡಡ್ಡ, ಕಿತ್ತಳೆ ಸಿಪ್ಪೆಯ ವಾಸನೆ. ಮಾಸೆದೋನಿಯೊ ಒಲೆಯ ಪಕ್ಕದ ಗಾಲಿಕುರ್ಚಿಯಲ್ಲಿ ಕೂತು, ಮಡಿಲಿನ ಹಲಗೆಯ ಮೇಲೆ ಎಲುಬುಗಳನ್ನು ಹೊಸೆಯುತ್ತಿದ್ದ.

"ಬಾರೇ, ಬಾ. ನೀನೂ ಏನಾದ್ರೂ ಒಪ್ಪಿಸೋಕೆ ಬಂದ್ಯಾ? ಎದುರುಮನೆ ಫೌಸ್ತಿನೊ ಬೆಳಿಗ್ಗೆ ಬಂದಿದ್ದ. ನನ್ನ ನಿಂಬೆಗಿಡಕ್ಕೆ ಬಿಸಿನೀರು ಹಾಕಿ ಸಾಯಿಸಿದ್ದು ತಾನೇ ಅಂತ ಕಾಲು ಹಿಡ್ಕೊಂಡು ಅತ್ತ. ಇಪ್ಪತ್ತು ವರ್ಷ ನಾನು ಬೆಕ್ಕಿನ ಮೇಲೆ ಅನುಮಾನ ಪಟ್ಟಿದ್ದೆ."

"ನೀನೇನಂದೆ?"

"ಏನನ್ಲಿ? ಅಳೋನಿಗೆ ಬೈಯೋಕಾಗುತ್ತಾ? ಇರ್ಲಿ, ನನ್ನ ಕಲವೇರಾ ಎಲ್ಲಿ? ಓದು. ಬಲಗಿವಿ ಕಡೆ ಬಾ."

ಅವಳು ಚೀಟಿ ಬಿಡಿಸಿ ಓದಿದಳು:

ಮಾಸೆದೋನಿಯೊ, ನಿನ್ನ ಬನ್ನಿನ
ಕಂಪಿಗೆ ಬೀದಿಯೇ ಏಳುವುದು;
ನೀನು ಇಲ್ಲದ ಬೆಳಗಲಿ, ಗೆಳೆಯ,
ಹಸಿವೂ ದಾರಿಯ ಮರೆಯುವುದು.

ಅವನು ಕೈಯಲ್ಲಿದ್ದ ಎಲುಬನ್ನು ಹಲಗೆಯ ಮೇಲಿಟ್ಟ.

"ಯಾರು ಸತ್ತಿದ್ದು?" ಎಂದ.

"ಹಾಗಲ್ಲ ಕಣೋ—"

"ಹೊಗಳಿದ್ಯಲ್ಲೇ ನನ್ನ. ನೀನು. ಅಬುಂದಿಯೊ ಪೆಟ್ಟಿಗೆಯೊಳಗೆ ಮಲಗೋವರೆಗೂ ಅವನಿಗೊಂದು ಒಳ್ಳೆ ಮಾತಾಡದೋಳು ನನಗೆ ಗೆಳೆಯ ಅಂತೀಯ. ಈ ಪದ್ಯ ಚೆನ್ನಾಗಿದೆ, ಇಟ್ಕೊ. ಮುಂದಿನ ವರ್ಷ ನನ್ನ ಫೋಟೊ ಮುಂದೆ ಓದು. ಈ ವರ್ಷದ್ದು ಎಲ್ಲಿ?"

"ಬರೆಯೋಕಾಗ್ತಾ ಇಲ್ಲ ಅದು. ಕೈಗೆ ಬರ್ತಾ ಇಲ್ಲ."

"ಬರಿಸ್ಕೊ. ನೋಡು, ಈ ಬೀದೀಲಿ ನನ್ನ ಜೊತೆ ಜಗಳ ಆಡೋರು ಯಾರೂ ಉಳಿದಿಲ್ಲ. ನಾಳೆ ಸಂಜೆ ಎಲ್ಲರ ಮುಂದೆ ನೀನೂ ಬೈಲಿಲ್ಲ ಅಂದ್ರೆ ನಾನು ಹೋದೆ ಅಂತ ಊರು ಬರ್ಕೊಂಡ್ಬಿಡುತ್ತೆ. ಆಮೇಲೆ ಇನ್ನೂ ಇದೀನಿ ಅಂತ ನಾನೊಬ್ಬನೇ ಎಲ್ಲಿ ಹೇಳ್ಕೊಂಡು ತಿರುಗ್ಲಿ?"

ಎಲಿಯೊದೋರಾ ಚೀಟಿಯನ್ನು ಮಡಚಿದಳು. ಕೊಡಲು ಬೇರೇನೂ ತೋಚದೆ, ಅವನಿಗೆ ಬಹುಕಾಲದಿಂದ ಬೇಕಾಗಿದ್ದ ಒಂದನ್ನು ಕೊಟ್ಟುಬಿಡೋಣವೆಂದುಕೊಂಡು ಅವನ ಬಲಗಿವಿಗೆ ಬಗ್ಗಿದಳು.

"ಕೇಳು. ನನ್ನ ವಯಸ್ಸು—"

ಮಾಸೆದೋನಿಯೊ ಹಿಟ್ಟಿನ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ.

"ಬೇಡ. ಹೇಳ್ಬೇಡ. ಫೌಸ್ತಿನೊ ಹೇಳಿದ್ದು ಸಾಲ್ದಾ? ನೀನೂ ನಿಜ ಹೇಳಿಬಿಟ್ರೆ ನಾನು ಇವತ್ತೇ ಮುಗಿದ ಹಾಗೆ. ಅದನ್ನೂ ಫೋಟೊಗೇ ಹೇಳು. ಈಗ ಎಷ್ಟು ನಿನಗೆ?"

"ಐವತ್ತೆಂಟು," ಎಂದಳು.

"ಹಾಂ, ಸುಳ್ಳಿ," ಎಂದ ಅವನು. ಮೂರು ವಾರದಲ್ಲಿ ಅವನ ಮುಖ ಅಷ್ಟು ಅರಳಿದ್ದನ್ನು ಯಾರೂ ನೋಡಿರಲಿಲ್ಲ. ಅವಳು ಬಾಗಿಲು ದಾಟುವಾಗ ಅವಳ ಎರಡೂ ಕೆನ್ನೆ ಒದ್ದೆಯಾಗಿದ್ದವು. ಒಲೆಯ ಹೊಗೆ ಎಂದು ಹೇಳಿದಳಂತೆ. ಅದು ಕರೆಂಟಿನ ಒಲೆ.

ಮರುದಿನ ಸಂಜೆ ಕಲಾ ಕೇಂದ್ರ ತುಂಬಿತ್ತು. ಮಕ್ಕಳು ಮುಖಕ್ಕೆ ಬುರುಡೆ ಬರೆಸಿಕೊಂಡು ಓಡಾಡುತ್ತಿದ್ದರು. ಅಂತ್ಯಸಂಸ್ಕಾರದ ಕಂಪನಿಯವರು ಎಲ್ಲರಿಗೂ ಬೀಸಣಿಗೆ ಹಂಚಿದ್ದರು. ಅದರ ಹಿಂಬದಿಯಲ್ಲಿ ವರ್ಷಾಂತ್ಯದೊಳಗೆ ಬಂದವರಿಗೆ ಶೇಕಡ ಹದಿನೈದು ರಿಯಾಯಿತಿ ಎಂದು ಅಚ್ಚಾಗಿತ್ತು. ಗೋಡೆಯುದ್ದಕ್ಕೂ ಬೀದಿಯ ಸತ್ತವರ ಪೀಠ, ಮೆಟ್ಟಿಲು ಮೆಟ್ಟಿಲಾಗಿ ಫೋಟೊಗಳು, ಚೆಂಡುಹೂವಿನ ನಡುವೆ ಎರಡು ಪ್ಲಾಸ್ಟಿಕ್ ಬಕೆಟ್ಟು. ಬಕೆಟ್ಟು ಸತ್ತವರಿಗಲ್ಲ, ಚಾವಣಿಗೆ.

ಎಲಿಯೊದೋರಾ ಮೈಕಿನ ಮುಂದೆ ನಿಂತು ಮೊದಲು ಔಷಧಿ ಅಂಗಡಿಯವನನ್ನು ಕೊಂದಳು. ಆಮೇಲೆ ನಿರ್ದೇಶಕಿಯ ಸರದಿ:

ಸಣಕಲಿ ಕರೆದಳು: ಬಾ ಯೆಸೆನಿಯಾ,
ಗಾಡಿಯು ನಿಂತಿದೆ ಕೆಳಗೆ.
ಸಮಿತಿ ಸೇರದೆ, ಠರಾವು ಆಗದೆ
ಹೇಗೆ ಬರಲಿ ನಾ ಹೊರಗೆ?

ಸಭೆ ನಕ್ಕಿತು, ಯೆಸೆನಿಯಾ ಕೂಡ. ಅದೇ ಹೊತ್ತಿಗೆ ಬಾಗಿಲಲ್ಲಿ ಮಾಸೆದೋನಿಯೊನ ಗಾಲಿಕುರ್ಚಿ ಕಂಡಿತು. ನಗು ನಲ್ಲಿ ತಿರುಗಿಸಿದಂತೆ ನಿಂತಿತು. ಜನ ಎರಡು ಪಾಲಾಗಿ, ಟೊಪ್ಪಿ ತೆಗೆದು, ಶವಯಾತ್ರೆಗೆ ಬಿಡುವ ಹಾಗೆ ಅವನಿಗೆ ದಾರಿ ಬಿಟ್ಟರು. ಅವನು ಆ ಟೊಪ್ಪಿಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಮುಂದಿನ ಸಾಲಿಗೆ ಬಂದು, ಎಲಿಯೊದೋರಾಳ ಕಡೆ ಮುಖವೆತ್ತಿ ಕಾದ.

ಅವಳ ಕೈಯಲ್ಲಿ ಎರಡು ಚೀಟಿಗಳಿದ್ದವು. ಯೆಸೆನಿಯಾ ಪಕ್ಕದಿಂದ "ಮೆತ್ತಗಿನದು ದೋನ್ಯಾ, ಮೆತ್ತಗಿನದು" ಎಂದಳು. ಎಲಿಯೊದೋರಾ ಒಂದು ಚೀಟಿಯನ್ನು ಮಡಚಿ ರವಿಕೆಯೊಳಗೆ ಸಿಕ್ಕಿಸಿದಳು. ಇನ್ನೊಂದನ್ನು ಓದಿದಳು:

ಸಣಕಲಿ ಬಂದಳು ಬೇಕರಿ ಬಾಗಿಲಿಗೆ,
ಮಾಸೆದೋನಿಯೊ, ನಡೆ ಎಂದಳು;
ನಡೆವೆನು, ಮೊದಲು ಬನ್ನು ತಿನ್ನು ಎನೆ
ಕಚ್ಚಿ ಹಲ್ಲನೇ ಕಳೆದಳು.

ಯಾರೂ ನಗಲಿಲ್ಲ. ಯಾರೋ ಬೀಸಣಿಗೆ ಬೀಳಿಸಿದ್ದು ಕೇಳಿಸಿತು. ಮೈಕು ಆರಿಸುವಂತೆ ಯೆಸೆನಿಯಾ ಸನ್ನೆ ಮಾಡಿದಳು. ಎಲಿಯೊದೋರಾ ಮೈಕು ಬೇಕಿಲ್ಲದ ದನಿಯಲ್ಲಿ ಮುಂದುವರಿದಳು:

ಆಸ್ಪತ್ರೆ ಅವನನು ಮನೆಗೆ ಕಳಿಸಿತು,
ಮಸಣಕೆ ಕಾಗದ ಬರೆಯಿತು;
ಇಷ್ಟು ಗಟ್ಟಿಯ ಸರಕು ಅರಗದು
ಎಂದು ಮಣ್ಣೇ ಮೊರೆಯಿತು.

ಅವಳು ಚೀಟಿ ಇಳಿಸಿ ಮುಂದಿನ ಸಾಲಿನ ಕಡೆ ನೋಡಿದಳು.

"ಒಂದೇ ಹಲ್ಲಾ?" ಎಂದ ಮಾಸೆದೋನಿಯೊ. "ಹೋದ ವರ್ಷ ಮೂರು ಹೋಗಿದ್ವು. ಬೆಲೆ ಏರಿತು, ಬೈಗುಳ ಇಳೀತು."

ಮೊದಲು ನಕ್ಕವನು ಅಂತ್ಯಸಂಸ್ಕಾರದ ಕಂಪನಿಯವನು. ಅವನು ನಕ್ಕ ಮೇಲೆ ಉಳಿದವರಿಗೆ ಅಪ್ಪಣೆ ಸಿಕ್ಕಂತಾಯಿತು. ಬಕೆಟ್ಟು ಅದುರುವಷ್ಟು ನಕ್ಕರು. ಟೊಪ್ಪಿಗಳು ತಲೆಗೆ ವಾಪಸಾದವು. "ಅವಳು ಹೇಳಿದ್ದು ನಿಜ ಕಣಯ್ಯ, ಆ ಬನ್ನು ಗಟ್ಟಿನೇ," ಎಂದು ಯಾರೋ ಹಿಂದಿನಿಂದ ಕೂಗಿದರು. "ನಿನ್ನ ದವಡೆ ಮೆತ್ತಗಾಗಿದೆ," ಎಂದ ಇವನು. ಫೌಸ್ತಿನೊ ಜನರನ್ನು ಸರಿಸಿಕೊಂಡು ಮುಂದೆ ಬಂದು, ಎಲ್ಲರಿಗೂ ಕೇಳುವಂತೆ, "ನಿನ್ನ ನಿಂಬೆಗಿಡ ನನ್ನ ಗೋಡೆ ಮೇಲೆ ಬಂದಿತ್ತು, ಅದಕ್ಕೇ ಹಾಕಿದ್ದು ಬಿಸಿನೀರು. ಇನ್ನೊಂದು ನೆಟ್ಟರೆ ಅದಕ್ಕೂ ಹಾಕ್ತೀನಿ," ಎಂದು ತನ್ನ ಕ್ಷಮೆಯನ್ನು ವಾಪಸು ಪಡೆದ.

"ನಾಳೆನೇ ನೆಡ್ತೀನಿ," ಎಂದ ಮಾಸೆದೋನಿಯೊ. ನೆಟ್ಟ ಕೂಡ.

ಅವನು ಬದುಕಿದ್ದು ಜನವರಿಯವರೆಗೆ. ಅಷ್ಟು ದಿನವೂ ಬೀದಿಯ ಪ್ರತಿಯೊಬ್ಬರೊಡನೆ ಒಂದಲ್ಲ ಒಂದು ವಿಷಯಕ್ಕೆ ಜಗಳವಾಡಿದ. ಒಂದು ಜಗಳದ ನಡುವೆಯೇ, ಇನ್ನೂ ತನ್ನ ಸರದಿ ಬಾಕಿ ಇರುವಾಗ, ಹೋದ.

ಮುಂದಿನ ನವೆಂಬರಿನಲ್ಲಿ ಕಲಾ ಕೇಂದ್ರದ ಪೀಠದ ಮೇಲೆ ಅವನ ಫೋಟೊ ಬಂತು. ಚಾವಣಿ ಎಂದಿನಂತೆ ರಿಪೇರಿಯಲ್ಲಿತ್ತು. ಬೇಕರಿಯನ್ನು ಈಗ ನಡೆಸುತ್ತಿರುವ ಅವನ ತಂಗಿ ತಂದಿಟ್ಟ ಬನ್ನು ಅಣ್ಣನ ಗೌರವಕ್ಕೆ ತಕ್ಕಷ್ಟು ಗಟ್ಟಿಯಾಗಿತ್ತು. ಕಾರ್ಯಕ್ರಮ ಪತ್ರಿಕೆಯಲ್ಲಿ ಎಲಿಯೊದೋರಾಳ ಹೆಸರಿನ ಪಕ್ಕ ವಯಸ್ಸು ಐವತ್ತೆಂಟು ಎಂದೇ ಅಚ್ಚಾಗಿತ್ತು. ಯೆಸೆನಿಯಾ ಕೇಳಿದಾಗ ಹಾಗೇ ಹೇಳಿದ್ದಳು.

ದೀಪ ಹಚ್ಚಲು ಬಂದವರ ಸಾಲಿನಲ್ಲಿ ನಾನು ಅವಳ ಹಿಂದೆಯೇ ಇದ್ದೆ. ಅವಳು ಫೋಟೊದ ಮುಂದೆ ದೀಪವಿಟ್ಟು, ರವಿಕೆಯೊಳಗಿಂದ ಮಡಿಕೆ ಹರಿದುಹೋಗಿದ್ದ ಚೀಟಿಯೊಂದನ್ನು ತೆಗೆದು, ಗೆಳೆಯ ಎಂಬ ಮಾತನ್ನೂ ಬಿಡದೆ ನಾಲ್ಕೂ ಸಾಲು ಓದಿದಳು. ಅದನ್ನು ಬನ್ನಿನ ಕೆಳಗಿಟ್ಟಳು. ನಡೆಯಬೇಕಾದವಳು ನಡೆಯಲಿಲ್ಲ. ಹಿಂದಿರುಗಿ ನಮ್ಮ ಸಾಲನ್ನೊಮ್ಮೆ ನೋಡಿದಳು. ಅರ್ಧದಷ್ಟು ಅವಳ ಗಿರಾಕಿಗಳೇ. ಮತ್ತೆ ಫೋಟೊದ ಕಡೆ ಬಗ್ಗಿದಳು. ಫೋಟೊದಲ್ಲಿ ಅವನು ಬಲಕ್ಕೆ ಮುಖ ತಿರುಗಿಸಿದ್ದ; ಅವಳ ಕಡೆಗೆ ಇದ್ದದ್ದು ಎಡಗಿವಿ. ಹಾಗಾಗಿ ಪಿಸುಮಾತು ಸಾಲದೆಂದು, ಬಾಗಿಲ ಬಳಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಎಪ್ಪತ್ತೆರಡು."