ಕಟಪಾಡಿಯ ಲೈನ್‌ಮ್ಯಾನ್ ಮತ್ತು ನನ್ನ ಸ್ಕ್ರಿಪ್ಟು

ಲಿನಕ್ಸ್ ಬಳಸುವವರಿಗೆ ಒಂದು ಬಗೆಯ ಸೊಕ್ಕು ಇರುತ್ತದೆ. ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಬ್ರಾಡ್‌ಬ್ಯಾಂಡ್ ಹೊಸತಾಗಿ ಬಂದಿದ್ದ ಕಾಲದಲ್ಲಿ ಕಟಪಾಡಿ ಪೇಟೆಯಲ್ಲಿ ನನ್ನದೊಂದು ಸೈಬರ್ ಸೆಂಟರ್. ಗಿರಾಕಿಗಳಿಗೆ ಆರು ವಿಂಡೋಸ್ ಕಂಪ್ಯೂಟರ್. ಅವಕ್ಕೆಲ್ಲ ಇಂಟರ್ನೆಟ್ ಹಂಚಲು ನನ್ನ ಹೆಮ್ಮೆಯ ಲಿನಕ್ಸ್ ಯಂತ್ರ. ವಿಂಡೋಸಿಗೆ ವೈರಸ್ ಹತ್ತಿತೆಂದರೆ, ನಷ್ಟ ನನ್ನದೇ ಆದರೂ ಒಳಗೊಳಗೇ ಖುಷಿ.

ಲಿನಕ್ಸಿನಲ್ಲಿ ನೆಟ್‌ವರ್ಕ್ ಚಾಲೂ ಆದ ಕೂಡಲೇ ಒಂದು ಫೋಲ್ಡರಿನಲ್ಲಿರುವ ಸ್ಕ್ರಿಪ್ಟುಗಳು, ಅಂದರೆ ಪುಟ್ಟ ಆದೇಶಪಟ್ಟಿಗಳು, ಒಂದು ಮುಗಿದ ಮೇಲೆ ಇನ್ನೊಂದರಂತೆ ಸಾಲಾಗಿ ಓಡುತ್ತವೆ. ಯಂತ್ರಕ್ಕೆ ಹಾಕಿದ ಯಾವ ತಂತ್ರಾಂಶದ ಪ್ಯಾಕೇಜ್ ಬೇಕಾದರೂ ಅಲ್ಲಿ ತನ್ನದೊಂದನ್ನು ಇಡಬಹುದು. ನಾನೂ ಕಂಪ್ಯೂಟರಿನ ಗಡಿಯಾರ ಸರಿಪಡಿಸುವ ಪ್ಯಾಕೇಜೊಂದನ್ನು ಕೈಯಾರೆ ಕಟ್ಟಿ, ಸ್ಕ್ರಿಪ್ಟು ಇಟ್ಟಿದ್ದೆ. ಕೆಲವೇ ದಿನಗಳಲ್ಲಿ ಬೇಜಾರಾಗಿ ಪ್ಯಾಕೇಜನ್ನು ತೆಗೆದುಹಾಕಿದೆ. ಮರುದಿನದಿಂದ ಸೆಂಟರಿನಲ್ಲಿ ಇಂಟರ್ನೆಟ್ ಇಲ್ಲ.

ಟೆಲಿಫೋನಿನವರಿಗೆ ಹೇಳಿದೆ. ಬಾಗಲಕೋಟೆ ಕಡೆಯ ಲೈನ್‌ಮ್ಯಾನ್ ಬಸಪ್ಪ ಬಂದು, ಒಂದು ವಿಂಡೋಸ್ ಕಂಪ್ಯೂಟರನ್ನು ನೇರ ಮೋಡೆಮಿಗೆ ಸಿಕ್ಕಿಸಿದರು. ಇಂಟರ್ನೆಟ್ ಬಂತು.

“ಲೈನ್ ಚಲೋ ಐತ್ರಿ. ನಿಮ್ಮ ಆ ಪೆಟಿಗಿ ನೋಡ್ರಿ.”

“ಅದು ಲಿನಕ್ಸ್, ಬಸಪ್ಪ. ನಿಮಗೆ ಅರ್ಥ ಆಗುವುದಿಲ್ಲ” ಎಂದೆ. ಲೈನ್ ದುರ್ಬಲವಾಗಿದೆ, ವಿಂಡೋಸಿಗೆ ಸೂಕ್ಷ್ಮತೆ ಇಲ್ಲದ್ದರಿಂದ ಸಹಿಸಿಕೊಳ್ಳುತ್ತದೆ ಎಂಬ ಸಿದ್ಧಾಂತವನ್ನೂ ನಿಂತಲ್ಲೇ ಸೃಷ್ಟಿಸಿದೆ. ಅವರು ಹೋದ ಮೇಲೆ ವೈರನ್ನು ಮೊದಲಿನಂತೆ ಲಿನಕ್ಸ್ ಯಂತ್ರಕ್ಕೇ ಸಿಕ್ಕಿಸಿ, ಟೆಲಿಫೋನ್ ಕಚೇರಿಗೆ ಅವರ ಮೇಲೆ ಲಿಖಿತ ದೂರು ಕೊಟ್ಟೆ.

ಶುಕ್ರವಾರ ಪೆರ್ಡೂರಿನ ಶಾರದಕ್ಕ ಮಗುವನ್ನೆತ್ತಿಕೊಂಡು ಬಂದರು. ಗಂಡ ಮಸ್ಕತ್ತಿನಲ್ಲಿ, ವಾರಕ್ಕೊಮ್ಮೆ ಪರದೆಯ ಮೇಲೆ ಭೇಟಿ.

“ಎಂತ, ಇವತ್ತೂ ಇಲ್ವಾ? ಇವನು ನಡೆಯಲು ಶುರು ಮಾಡಿದ್ದಾನೆ. ಅವರಿಗೆ ತೋರಿಸಬೇಕಿತ್ತು. ಒಂದರಲ್ಲಾದರೂ ಆಗ್ತದಾ ನೋಡಿ.”

ಒಂದರಲ್ಲಿ ಆಗುತ್ತಿತ್ತು. ಬಸಪ್ಪ ಮಾಡಿ ತೋರಿಸಿದ್ದರು. ಆದರೆ ದೂರು ವಿಚಾರಿಸಲು ಅವರ ಮೇಲಧಿಕಾರಿ ಬಂದಾಗ ಇಂಟರ್ನೆಟ್ ಇಲ್ಲದಿರುವುದನ್ನು ತೋರಿಸಬೇಕಲ್ಲ? “ಲೈನೇ ಹೋಗಿದೆ ಅಕ್ಕ” ಎಂದೆ. ಮಗು ಖಾಲಿ ಕುರ್ಚಿ ಹಿಡಿದು ನಾಲ್ಕು ಹೆಜ್ಜೆ ನಡೆಯಿತು. ನೋಡಿದವನು ನಾನೊಬ್ಬ.

ಸೋಮವಾರ, ಬೇರೇನೂ ತೋಚದೆ, ಲಿನಕ್ಸ್ ಯಂತ್ರ ಚಾಲೂ ಆಗುವಾಗ ಪರದೆಯ ಮೇಲೆ ಓಡುವ ಸಾಲುಗಳನ್ನು ಓದಿದೆ. ನನ್ನ ಪ್ಯಾಕೇಜ್ ಹೋಗಿತ್ತು, ಸ್ಕ್ರಿಪ್ಟು ಹೋಗಿರಲಿಲ್ಲ. ಪ್ಯಾಕೇಜ್ ತೆಗೆದರೂ ಅದರ ಸೆಟ್ಟಿಂಗುಗಳನ್ನು ಉಳಿಸುವುದು ಲಿನಕ್ಸಿನ ಸೌಜನ್ಯ. ಸ್ಕ್ರಿಪ್ಟೂ ಆ ಲೆಕ್ಕದಲ್ಲಿ ಉಳಿದಿತ್ತು. ಅದು ಈಗಿಲ್ಲದ ಪ್ರೋಗ್ರಾಮಿನ ಉತ್ತರಕ್ಕಾಗಿ ಕಾಯುತ್ತ ಕೂತಿತ್ತು. ಇಂಟರ್ನೆಟ್ ಹಂಚಬೇಕಾದ ಸ್ಕ್ರಿಪ್ಟು ಅದರ ಹಿಂದೆ ಸಾಲಿನಲ್ಲಿ. ‘ಪ್ರೋಗ್ರಾಮ್ ಇಲ್ಲದಿದ್ದರೆ ಸುಮ್ಮನೆ ಹೊರಡು’ ಎಂಬ ಒಂದು ಸಾಲನ್ನು ಮಹಾಪಂಡಿತನಾದ ನಾನು ಬರೆದಿರಲಿಲ್ಲ. ಸ್ಕ್ರಿಪ್ಟನ್ನು ಅಳಿಸಿದೆ. ಆರೂ ಕಂಪ್ಯೂಟರುಗಳು ಜೀವ ತಳೆದವು.

ಅಷ್ಟರಲ್ಲಿ ಬಸಪ್ಪ ಒಳಗೆ ಬಂದರು. ಕೈಯಲ್ಲಿ ಕಚೇರಿಯವರು ವಿವರಣೆ ಕೇಳಿ ಕೊಟ್ಟ ಮೆಮೊ. ನನ್ನ ದೂರಿನ ಫಲ. ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ, ದೂರು ವಾಪಸ್ ಪಡೆಯುವುದಾಗಿ ಬರೆದು ಕೊಡಲು ಹೇಳಿದರು. ‘ತಾಂತ್ರಿಕ ಕಾರಣಗಳಿಂದ ಅಡಚಣೆಯುಂಟಾಗಿತ್ತು’ ಎಂದು ಗಂಭೀರವಾಗಿ ಬರೆದು ಕೊಟ್ಟೆ.

ಬಸಪ್ಪ ನಿಧಾನವಾಗಿ ಓದಿ, ಹಾಳೆಯನ್ನು ನನ್ನ ಮುಂದೆ ಸರಿಸಿದರು.

“ತಾಂತ್ರಿಕ ಕಾರಣ ಅಂದ್ರ ಮತ್ತ ನನ್ನ ತಲಿಗೇ ಬರತೈತ್ರಿ. ಅದನ್ನ ಹೊಡದು ಹಾಕಿ, ಆ ಜಾಗಾದಾಗ ನಿಮ್ಮ ಹೆಸರ ಹಾಕ್ರಿ.”