ಯಾವ ಸಮುದಾಯದ್ದು?

ಫೇಲಾದವರನ್ನೇ ಕರೆದು ಕಲಿಸುವ ಊರಿನ ಸಮುದಾಯ ಕಾಲೇಜಿನ ಪ್ರಾಂಶುಪಾಲರಿಂದ ಮೆಸೇಜು ಬಂತು: ಹೊಸ ಕಂಪ್ಯೂಟರುಗಳು ಸಿಗದಿದ್ದರೆ ಜೂನ್‌ನಿಂದ ಆಫೀಸ್ ಕೋರ್ಸು ಬಂದ್. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನನ್ನನ್ನು ಕರೆದು ಕೂರಿಸಿ, ಇಲ್ಲಿ ದೋಹಾ ಬಳಿಯ ಹಮದ್ ಬಂದರಿನಲ್ಲಿ ಹಡಗಿನ ಕಾಗದಪತ್ರ ನೋಡುವವಳನ್ನಾಗಿ ಮಾಡಿದ್ದು ಅದೇ ಕೋರ್ಸು. ಅದು ಮುಚ್ಚುತ್ತದೆ ಎಂದದ್ದೇ ನನಗೆ ಮೈಯೆಲ್ಲ ಉರಿಯಿತು. ಕತಾರಿನಲ್ಲಿ ಇಷ್ಟು ಜನ ಊರವರಿರುವಾಗ ಒಂದು ಕೋಣೆಯಷ್ಟು ಕಂಪ್ಯೂಟರು ಕೂಡಿಸುವುದು ಯಾವ ಮಹಾ ಕೆಲಸ? ಮಾತಿನಲ್ಲಂತೂ ನಾನು ಯಾರಿಗೂ ಸೋತವಳಲ್ಲ.

'ನಮ್ಮ ಸಮುದಾಯ ಕಾಲೇಜಿಗೆ ನೆರವಾಗಿ' ಎಂದು ಚೆಂದದ ಮನವಿ ಬರೆದು ಹಂಚಿದೆ. ಅಲ್ಲೇ ಎಡವಟ್ಟಾದದ್ದು. ಚರ್ಚಿನಲ್ಲಿ ನಮ್ಮವರು ಓದಿ, "ಇದು ಬ್ಯಾರಿಗಳದ್ದಲ್ವಾ?" ಎಂದರು. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿ ಅಂಗಡಿಯವರು, "ಇದು ನಿಮ್ಮ ಕ್ರಿಶ್ಚಿಯನ್ನರದ್ದಲ್ವಾ?" ಎಂದು ನಯವಾಗಿ ಮಡಚಿ ಹಿಂದೆ ಕೊಟ್ಟರು. ಊರಿನ ಎಲ್ಲರದ್ದೂ ಎಂದು ನಾನು ಬರೆದ ಪದ ಯಾರದ್ದೂ ಅಲ್ಲದ್ದಾಗಿತ್ತು.

ಕೊನೆಗೆ ಅಲ್ ಮುಂತಜಾ ಬಡಾವಣೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ, ನಮ್ಮೂರ ಕಡೆಯವರೇ ಆದ ಹಾಜಿಯವರ ಬಳಿ ಹೋದೆ. ಕನ್ನಡಕ ಮೂಗಿಗಿಳಿಸಿ, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ಬಾಯಮ್ಮ ಎಂದು ಕರೆದು, ಅವರೂ ಅದನ್ನೇ ಕೇಳಿದರು.

"ಯಾವ ಸಮುದಾಯದ್ದು ಬಾಯಮ್ಮ?"

ನನಗೆ ರೇಗಿಹೋಯಿತು. "ಡುಮ್ಕಿ ಹೊಡೆದವರ ಸಮುದಾಯದ್ದು ಹಾಜಿಯವರೇ. ಅದರಲ್ಲಿ ಎಲ್ಲ ಜಾತಿಯವರೂ ಉಂಟು."

ಅವರು ಗೊಳ್ಳೆಂದು ನಕ್ಕು ಸುಲೈಮಾನಿ ಚಹಾ ತರಿಸಿದರು. "ಅಲ್ಲಿ ಕಲ್ತವರಿಗೆ ಎಂತ ಕೆಲಸ ಸಿಗ್ತದೆ ನೋಡುವ. ನಿಮ್ಮ ಸಿ.ವಿ. ತೋರ್ಸಿ."

ಜಂಬದಿಂದಲೇ ಮೊಬೈಲು ತೆರೆದು ಕೊಟ್ಟೆ. ಅವರು ಬೆರಳಾಡಿಸಿ ಮೇಲೆ ಕೆಳಗೆ ನೋಡಿದರು.

"ಇದ್ರಲ್ಲಿ ಕಾಲೇಜಿನ ಹೆಸರೇ ಮಾಫಿ! ಇಲ್ವೇ ಇಲ್ಲ!"

'ಡಿಪ್ಲೊಮಾ, ಮಂಗಳೂರು' ಎಂದಷ್ಟೇ ಇತ್ತು. ಆ ಹೆಸರಿದ್ದರೆ ಫೇಲಾದವಳು ಎಂದು ತಿಳಿಯುತ್ತದೆಂದು ದೋಹಾಕ್ಕೆ ಬಂದ ವರ್ಷ ನಾನೇ ಅಳಿಸಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ನಿಮಗೇ ಬೇಡದ ಹೆಸರಿಗೆ ನಾವು ಕೊಡ್ಬೇಕಾ?" ಎಂದರು ಹಾಜಿಯವರು, ನಗದೆ.

ಅಲ್ಲೇ ಕೂತು ಕಾಲೇಜಿನ ಹೆಸರನ್ನು ಪೂರ್ತಿಯಾಗಿ ಟೈಪ್ ಮಾಡಿದೆ. ಅದರ ಮೇಲಿನ ಸಾಲಿನಲ್ಲಿ 'ಪಿಯುಸಿ, ಎರಡು ಬಾರಿ ಫೇಲ್' ಎಂದೂ ಸೇರಿಸಿದೆ. ಮನವಿಯ ಜೊತೆಗೆ ಆ ಸಿ.ವಿ.ಯನ್ನೂ ನಮ್ಮವರ, ಬ್ಯಾರಿಗಳ ಎಲ್ಲ ಮೊಬೈಲ್ ಗ್ರೂಪುಗಳಿಗೆ ಕಳಿಸಿಬಿಟ್ಟೆ.

ಹಾಜಿಯವರ ಮೊಬೈಲೂ ಟಿಣ್ ಎಂದಿತು. ನಿಧಾನವಾಗಿ ಓದಿ, ಕನ್ನಡಕ ತೆಗೆದಿಟ್ಟರು.

"ಖಲಾಸ್, ಆಯ್ತು. ಜೂನಿಗೆ ಮೊದಲೇ ಕಂಪ್ಯೂಟರ್ ಊರು ಮುಟ್ತದೆ." ಆಮೇಲೆ ಅಂಗಡಿಯ ಕೆಲಸದವರತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಅದು ನನ್ನ ಸಮುದಾಯವೇ ಬಾಯಮ್ಮ. ಎಸೆಸೆಲ್ಸಿ, ಮೂರು ಸಲ."